ಸಣ್ಣ ಎಂಜಿನ್ನಿನ ಗಾಡಿಯಲ್ಲಿ ಅತ್ತೆ

ನಮ್ಮ ಮನೆಯಲ್ಲಿ ನಾಲ್ಕು ಜನ ಗಂಡಸರು ಕೂಡಿದರೆ ಮಾತು ಎಲ್ಲಿಂದ ಹೊರಟರೂ ಕಡೆಗೆ ಗಾಡಿಗೆ ಬಂದು ನಿಲ್ಲುತ್ತದೆ. ಇಳಕಲ್ಲಿನ ಕಲ್ಲಿನ ವ್ಯವಹಾರದವರ ಮನೆಗಳಲ್ಲಿ ಇದು ಹೊಸದೇನಲ್ಲ. ಯಾರು ಯಾವ ಗಾಡಿ ತಗೊಂಡರು, ಅದು ಎಷ್ಟು ಸಿಸಿ, ಏರಿನಲ್ಲಿ ಎಳೆಯುತ್ತದೋ ಇಲ್ಲವೋ ಎಂದು ಚಹಾ ಆರುವವರೆಗೂ ಮಾತು ನಡೆಯುತ್ತದೆ. ಚಹಾ ಇಟ್ಟು ಒಳಗೆ ಹೋಗುವ ನನ್ನನ್ನು ಯಾರೂ ಕೇಳಿದ್ದಿಲ್ಲ. ಕೇಳಿದ್ದರೆ, ನನಗೆ ಸಣ್ಣ ಎಂಜಿನ್ನೇ ಇಷ್ಟ ಎನ್ನುತ್ತಿದ್ದೆ. ಯಾಕೆ ಎಂದು ಕೇಳಿದರೆ ನಮ್ಮ ಅತ್ತೆಯ ವಿಷಯ ಹೇಳಬೇಕಾಗುತ್ತದೆ. ಅದನ್ನು ಚಹಾದ ಹೊತ್ತಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲ.

ಎಂಟುನೂರು ಸಿಸಿಯ ಬಿಳಿ ಗಾಡಿ ನಮ್ಮ ಮನೆಗೆ ಬಂದಾಗ ನನ್ನ ಗಂಡನ ಕಾರ್ಖಾನೆ ಇನ್ನೂ ಒಂದು ತಗಡಿನ ಶೆಡ್ಡು. ಕೆಂಪು ಗ್ರಾನೈಟ್ ಚಪ್ಪಡಿಗಳಿಗೆ ಪಾಲಿಶ್ ಹಾಕಿಸಿ ಕಳಿಸುವ ಕೆಲಸ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ದಿನಾ ಬಸ್ಸಿನಲ್ಲಿ ಓಡಾಟ. ಯಾರೋ ಓಡಿಸಿ ಮಾರಿದ ಗಾಡಿ ಅದು. ಸೀಟಿನ ಬಟ್ಟೆ ಒಂದು ಕಡೆ ಹರಿದಿತ್ತು. ಆದರೂ ಗಾಡಿ ಬಾಗಿಲಿಗೆ ಬಂದ ದಿನ ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಮಗನನ್ನು ಕೇಳಿದರು.

"ಎಂಟುನೂರು ಎಂಟುನೂರು ಅಂತೀಯಲ್ಲೋ, ಅದೇನು ಎಂಟುನೂರು?"

"ಸಿಸಿ ಅವ್ವಾ. ಎಂಜಿನ್ ಒಳಗ ಎಷ್ಟು ಜಾಗಾ ಐತಿ ಅನ್ನೂದರ ಲೆಕ್ಕ. ಅಷ್ಟು ಗಾಳಿ, ಎಣ್ಣಿ ಹಿಡೀತೈತಿ."

"ಅಂದ್ರ ಹೊಟ್ಟಿ ಅನ್ನು."

"ಹೂಂ, ಹೊಟ್ಟಿನ ಅನ್ಕೋ."

"ಸಣ್ಣ ಹೊಟ್ಟಿ ಇದ್ರ ಚಲೋನ ಆತು. ಸಾಕೂದು ಸಲೀಸು," ಎಂದು ಅತ್ತೆ ಒಳಗೆ ಹೋದರು.

ಗಾಡಿ ಓಡಿಸಲು ನನಗೆ ಕಲಿಸಿದವರು ನನ್ನ ಗಂಡನೇ. ರವಿವಾರ ಹೈಸ್ಕೂಲಿನ ಮೈದಾನದಲ್ಲಿ, ಆಡುವ ಮಕ್ಕಳನ್ನು ಆಚೆ ಕಳಿಸಿ, ಪಕ್ಕದಲ್ಲಿ ಕೂತು ಕಲಿಸುತ್ತಿದ್ದರು. "ಕ್ಲಚ್ ಒಮ್ಮೆಲೆ ಬಿಡಬ್ಯಾಡ. ಕೈಯಾಗಿನ ಹಕ್ಕಿ ಬಿಟ್ಟಂಗ ಬಿಡಬಾರದು, ಕೂಸಿನ್ನ ಮಲಗಿಸಿದಂಗ ಬಿಡಬೇಕು" ಎನ್ನುತ್ತಿದ್ದರು. ಒಮ್ಮೆಯೂ ಬೈಯಲಿಲ್ಲ. ಊರಿನಲ್ಲಿ ಹೆಂಗಸರು ಗಾಡಿ ಓಡಿಸುವುದು ಆಗ ಅಪರೂಪ. ನಾನು ಮೊದಲ ಸಲ ಒಬ್ಬಳೇ ಹುನಗುಂದಕ್ಕೆ ಹೋಗಿ ಬಂದ ಸಂಜೆ ಅವರು ಕಾರ್ಖಾನೆಯ ಬಾಗಿಲಿನಲ್ಲಿ ನಿಂತು ಕೆಲಸಗಾರರಿಗೆಲ್ಲ ನಾನು ಬರುವುದನ್ನು ಕೈತೋರಿಸಿ ಹೇಳುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ಕೇಳಿ ಯಾರೂ ಅವರ ಬಗ್ಗೆ ತಪ್ಪು ತಿಳಿಯಬಾರದು.

ಅತ್ತೆ ಮಾತ್ರ ಸೊಸೆ ಓಡಿಸುವ ಗಾಡಿಯಲ್ಲಿ ಕೂರುವುದಿಲ್ಲ ಎಂದು ಕೆಲವು ತಿಂಗಳು ದೂರವೇ ಇದ್ದರು. ಅವರ ತವರು ಬಾದಾಮಿಯ ಹತ್ತಿರದ ಚೊಳಚಗುಡ್ಡ, ಬನಶಂಕರಿ ಗುಡಿಯ ಮಗ್ಗುಲಿಗೇ ಇರುವ ಊರು. ಅಲ್ಲಿ ಅವರ ಅಣ್ಣ ಹಾಸಿಗೆ ಹಿಡಿದಿದ್ದಾರೆ ಎಂದು ಒಂದು ಮುಂಜಾನೆ ಫೋನು ಬಂತು. ನನ್ನ ಗಂಡ ಅವತ್ತು ಯಾವುದೋ ಕಚೇರಿಯ ಕೆಲಸಕ್ಕೆ ಬಾಗಲಕೋಟೆಗೆ ಹೋಗಿದ್ದರು. ಅತ್ತೆ ಪಡಸಾಲೆಯಲ್ಲಿ ನಿಂತು ಸೀರೆಯ ಸೆರಗು ಸುತ್ತುತ್ತ, ಬಿಚ್ಚುತ್ತ ನನ್ನ ಕಡೆ ನೋಡಿದರು.

"ನಿನಗ ಅಷ್ಟು ದೂರ ಆಗತೈತೇನ?"

"ಆಗತೈತ್ರಿ ಅತ್ತಿ."

"ಜೋರು ಓಡಿಸಬ್ಯಾಡ ಮತ್ತ."

ಜೋರು ಓಡಿಸೋಣವೆಂದರೂ ಆ ಗಾಡಿ ಓಡುತ್ತಿರಲಿಲ್ಲ. ಅವತ್ತು ಹುನಗುಂದ ದಾಟುವವರೆಗೂ ಅತ್ತೆ ಬಾಗಿಲಿನ ಹಿಡಿಕೆಯನ್ನು ಬಿಡಲಿಲ್ಲ. ಅಮೀನಗಡದಲ್ಲಿ ಅಣ್ಣನ ಮೊಮ್ಮಕ್ಕಳಿಗೆಂದು ಕರದಂಟು ತಗೊಂಡ ಮೇಲೆ ಸ್ವಲ್ಪ ಸಡಿಲಾದರು. ಗುಳೇದಗುಡ್ಡದ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತ ಎರಡನೇ ಗೇರಿನಲ್ಲಿ ಹತ್ತುವಾಗ, ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು, "ಹತ್ತವ್ವಾ ಹತ್ತು, ಇನ್ನೊಂದೀಟ ಐತಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮದುವೆಯಾದ ಮೇಲೆ ನಾವಿಬ್ಬರೇ ಕೂಡಿ ನಕ್ಕಿದ್ದು ಅದೇ ಮೊದಲು.

ಅಣ್ಣ ಚೇತರಿಸಿಕೊಂಡರು. ಆದರೆ ನಾವು ಹೋಗಿಬರುವುದು ನಿಲ್ಲಲಿಲ್ಲ. ರಜೆ ಬಂದರೆ ಸಾಕು, ಅತ್ತೆ ಮುಂಜಾನೆಯೇ ಸ್ನಾನ ಮುಗಿಸಿ, ಬುತ್ತಿ ಕಟ್ಟಿ ತಯಾರಾಗಿರುತ್ತಿದ್ದರು. ಚೊಳಚಗುಡ್ಡ, ಬನಶಂಕರಿ, ಹೊತ್ತಿದ್ದರೆ ಮಹಾಕೂಟ. ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಕೂತು ನೀರಿನಲ್ಲಿ ಕಾಲು ಬಿಟ್ಟರೆ ಅವರನ್ನು ಎಬ್ಬಿಸುವುದೇ ಕಷ್ಟವಾಗುತ್ತಿತ್ತು.

ಮನೆಯಲ್ಲಿ ಅತ್ತೆ ಮಾತು ಕಡಿಮೆ. ಉಪ್ಪು, ನೀರು, ಹಾಲು ಎನ್ನುವಷ್ಟು. ಮಗನ ಹತ್ತಿರವಂತೂ "ಉಂಡ್ಯೇನ?" ಬಿಟ್ಟರೆ ಹೆಚ್ಚು ಆಡುತ್ತಿರಲಿಲ್ಲ. ಆದರೆ ಆ ಗಾಡಿಯ ಬಾಗಿಲು ಹಾಕಿದರೆ ಅವರ ಬಾಯಿ ತೆರೆಯುತ್ತಿತ್ತು. ಯಾಕೆಂದು ಬಹಳ ಸಲ ಯೋಚಿಸಿದ್ದೇನೆ. ಗಾಡಿ ಸಣ್ಣದು, ನಮ್ಮಿಬ್ಬರ ಮೊಣಕೈ ತಾಗುತ್ತಿದ್ದವು. ನಾನು ರಸ್ತೆ ನೋಡುತ್ತಿದ್ದುದರಿಂದ ಅವರ ಮುಖ ನೋಡಲಾಗುತ್ತಿರಲಿಲ್ಲ. ಗಾಡಿ ನಿಧಾನಕ್ಕೆ ಹೋಗುತ್ತಿದ್ದುದರಿಂದ ಒಂದು ಮಾತು ಶುರು ಮಾಡಿದರೆ ಮುಗಿಸುವುದಕ್ಕೆ ಹೊತ್ತಿರುತ್ತಿತ್ತು.

ಹುಡುಗಿಯಿದ್ದಾಗ ತೋಟದ ಬಾವಿಯಲ್ಲಿ ಯಾರಿಗೂ ಕಾಣದಂತೆ ಈಜು ಕಲಿತದ್ದನ್ನು ಹೇಳಿದರು. ತಂದೆಯ ಎಲೆಬಳ್ಳಿ ತೋಟದಲ್ಲಿ ಎಲೆ ಕೊಯ್ಯುವುದನ್ನು, ಸಾಲಿ ಬಿಡಿಸಿದ ದಿನ ಬರೆಯುವ ಪಾಟಿಯನ್ನು ತಮ್ಮನಿಗೆ ಕೊಡದೆ ಬಣವೆಯಲ್ಲಿ ಬಚ್ಚಿಟ್ಟದ್ದನ್ನು ಹೇಳಿದರು. ಒಮ್ಮೆ ಬನಶಂಕರಿಯಲ್ಲಿ ಗಾಡಿ ನಿಲ್ಲಿಸಿದಾಗ ಅಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಹೊತ್ತುಕೊಂಡು ಬಂದ ಹೆಂಗಸರು ಸುತ್ತುಗಟ್ಟಿದರು. ಅತ್ತೆ ಇಳಿಯದೆ ಕೂತೇ ಇದ್ದರು.

"ನಾನೂ ಮಾರೇನಿ ಇಲ್ಲೆ," ಎಂದರು.

"ಏನ್ರಿ?"

"ರೊಟ್ಟಿ. ನಮ್ಮವ್ವ ಬಡೀತಿದ್ಲು, ನಾ ಹೊತ್ಕೊಂಡು ಬಂದು ಮಾರತಿದ್ನಿ. ಮದುವಿ ಆಗೂಮಟಾ. ಗಂಡನ ಮನ್ಯಾಗ ಅದನ್ನ ಆಡಬ್ಯಾಡ ಅಂದ್ರು ನಮ್ಮ ಅತ್ತಿ. ಆಡಲಿಲ್ಲ ನೋಡು. ನಿನ್ನ ಗಂಡಗೂ ಗೊತ್ತಿಲ್ಲ."

ಆಮೇಲೆ ಕಿಟಕಿಯಿಂದ ಕೈ ಹೊರಗೆ ಚಾಚಿ, ಒಬ್ಬಾಕೆಯ ರೊಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ, "ನಮ್ಮವ್ವನಂಗ ತೆಳ್ಳಗ ಬಡದೀಯವ್ವಾ" ಎಂದು ಅವಳಿಗೆ ಹೇಳಿದರು.

ಹೀಗೆ ಕೆಲವು ವರ್ಷ ನಡೆಯಿತು. ಕಾರ್ಖಾನೆ ಬೆಳೆಯಿತು, ಶೆಡ್ಡು ಎರಡಾಯಿತು. ನಮ್ಮ ಇಬ್ಬರು ಹೆಣ್ಣುಮಕ್ಕಳು ಸಾಲಿಗೆ ಹೋಗುವಷ್ಟಾದರು. ಗಾಡಿಗೂ ವಯಸ್ಸಾಗುತ್ತ ಬಂತು.

ಶಿವರಾತ್ರಿಯ ಹಿಂದುಮುಂದಿನ ಬಿಸಿಲಿನಲ್ಲಿ ಒಂದು ಮದುವೆಗೆಂದು ಬಾಗಲಕೋಟೆಗೆ ಹೊರಟಿದ್ದೆವು. ಓಡಿಸುತ್ತಿದ್ದವರು ನನ್ನ ಗಂಡ, ಅವರ ಪಕ್ಕದಲ್ಲಿ ಅತ್ತೆ, ಹಿಂದೆ ನಾನು ಮತ್ತು ಮಕ್ಕಳು. ಎಸಿ ಹಾಕಿತ್ತು. ಮುಂದೆ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು. ಅದರ ಹಿಂದೆಯೇ ಬಹಳ ಹೊತ್ತು ಹೋಗಿ, ಕಡೆಗೆ ರಸ್ತೆ ಖಾಲಿ ಕಂಡಾಗ ಅವರು ಬಲಕ್ಕೆ ತೆಗೆದರು. ಪೂರಾ ಒತ್ತಿದರೂ ಗಾಡಿ ಎಳೆಯಲಿಲ್ಲ. ಟ್ರೇಲರಿನ ಮಗ್ಗುಲಿಗೇ ಅಂಟಿಕೊಂಡಂತೆ ಉಳಿಯಿತು. ಎದುರಿಗೆ ತಿರುವಿನಿಂದ ಲಾರಿ ಬಂತು. ಎಂಜಿನ್ನಿಗೆ ಬಲ ಉಳಿಯಲೆಂದು ಅವರು ಎಸಿ ಬಂದ್ ಮಾಡಿದ್ದು, ಗೇರು ಇಳಿಸಿದ್ದು, ಎಂಜಿನ್ ಕಿರುಚಿದ್ದು, ಅತ್ತೆ "ಶಿವನೇ" ಎಂದದ್ದು ನನಗೆ ಒಂದೇ ಸಲ ಕೇಳಿದ ಹಾಗೆ ನೆನಪು. ಕಬ್ಬಿನ ಸೋಗೆ ನಮ್ಮ ಕಿಟಕಿಗೆ ಬಡಿಯಿತು. ಲಾರಿ ನಮ್ಮ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಅಷ್ಟರಲ್ಲಿ ನಾವು ಹೇಗೋ ಎಡಕ್ಕೆ ಬಂದಿದ್ದೆವು.

ಮುಂದೆ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ನನ್ನ ಗಂಡ ಇಳಿದರು. ನೀರಿನ ಬಾಟಲಿ ಕೊಟ್ಟೆ. ಅರ್ಧ ನೀರನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಮಕ್ಕಳನ್ನು ಕಿಟಕಿಯಿಂದ ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು.

"ಸಾಕಿದು," ಎಂದರು. "ಎಂಜಿನ್‌ದಾಗ ದಮ್ಮು ಇರಬೇಕು. ಒತ್ತಿದ್ರ ಹೋಗಬೇಕು."

ಅವತ್ತಿನಿಂದ ಅವರಿಗೆ ದೊಡ್ಡ ಎಂಜಿನ್ನಿನ ಧ್ಯಾನ. ಕಂಡವರನ್ನೆಲ್ಲ ಕೇಳಿ ವಿಚಾರಿಸಿ, ಎರಡು ಸಾವಿರದ ಎರಡು ನೂರು ಸಿಸಿಯ ಎತ್ತರದ ಡೀಸೆಲ್ ಗಾಡಿಯೊಂದನ್ನು ಗೊತ್ತು ಮಾಡಿ ಬಂದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದು ಎಂದು ಅವರು ಹೇಳಿದಾಗ ನಾನು ಸುಮ್ಮನಿರಲಿಲ್ಲ.

"ಸಣ್ಣದು ಇರಲ್ರಿ. ನನಗ ಹುನಗುಂದಕ್ಕ ಹೋಗಾಕ ಸಾಕದು. ಅತ್ತಿಗೂ ಬೇಕಾಗತೈತಿ."

"ಆ ಡಬ್ಬಿಯೊಳಗ ನಿಮ್ಮಿಬ್ಬರನ್ನ ಕಳಿಸಿ ನಾ ಇಲ್ಲಿ ಹೆಂಗ ಕೂಡ್ಲಿ, ಹೇಳು? ಅವತ್ತ ಲಾರಿ ನೋಡಿದೀ ಇಲ್ಲೋ?"

ನೋಡಿದ್ದೆ. ಭಯದಲ್ಲಿ ಹೇಳಿದ ಮಾತಾದರೂ ಅದು ಪ್ರೀತಿಯದೇ ಎಂದು ನನಗೆ ಗೊತ್ತಿತ್ತು. ನಿಮ್ಮ ಭಯ ನಿಜ, ನಮ್ಮ ಸುಖವೂ ನಿಜ ಎಂದು ಒಟ್ಟಿಗೆ ಹೇಳುವುದು ಹೇಗೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.

ಗಾಡಿ ಒಯ್ಯಲು ಬಂದ ದಿನ ಅತ್ತೆ ಹೊರಗೆ ಬಂದು, ತಮ್ಮ ಕಡೆಯ ಬಾಗಿಲು ತೆರೆದು, ಅಲ್ಲಿ ಇಟ್ಟಿದ್ದ ಅಡಿಕೆ ಚೀಲ, ಮಡಚಿದ ಟವೆಲು ತಗೊಂಡರು. ಸೆರಗಿನಿಂದ ಡ್ಯಾಶ್‌ಬೋರ್ಡನ್ನು ಒಮ್ಮೆ ಒರೆಸಿದರು.

ಹೊಸ ಗಾಡಿ ಬಂದಾಗ ಓಣಿಯೆಲ್ಲ ಬಂದು ನೋಡಿತು. ಅದರ ಸದ್ದು ಗಂಭೀರ, ಸೀಟು ಮೆತ್ತಗೆ. ಒಳಗೆ ಕೂತರೆ ರಸ್ತೆಯ ಒಂದು ಕುಣಿಯೂ ತಿಳಿಯುತ್ತಿರಲಿಲ್ಲ. ಆದರೆ ಅತ್ತೆಯ ಮೊಣಕಾಲಿಗೆ ಅದರ ಮೆಟ್ಟಿಲು ಎಟುಕಲಿಲ್ಲ. ಒಂದು ಮಣೆ ಇಟ್ಟರು, ಆಗಲಿಲ್ಲ. ಕಡೆಗೆ ಮಗ ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ಕೂಡಿಸಿದರು. ಓಣಿಯ ಜನ ನೋಡುತ್ತಿದ್ದರು. ಅತ್ತೆ ಸೀರೆ ಸರಿ ಮಾಡಿಕೊಂಡು, "ಗಾಡಿ ಭಾಳ ಚಲೋ ಐತಿ" ಎಂದರು. ಅವರು ಆ ಗಾಡಿಯ ಬಗ್ಗೆ ಹೇಳಿದ ಒಳ್ಳೆಯ ಮಾತು ಅದೊಂದೇ.

ಅದನ್ನು ಓಡಿಸಲು ನಾನೂ ಯತ್ನಿಸಿದೆ. ಬಾನೆಟ್ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಕಾಲು ಸ್ವಲ್ಪ ಒತ್ತಿದರೆ ಮುಂದಕ್ಕೆ ಹಾರುತ್ತಿತ್ತು. ನಮ್ಮ ಓಣಿಯ ತಿರುವಿನ ಗೋಡೆಗೆ ಒಂದು ದಿನ ಮಗ್ಗುಲು ಪೂರ್ತಿ ಉಜ್ಜಿಸಿಬಿಟ್ಟೆ. ನನ್ನ ಗಂಡ ಬೈಯಲಿಲ್ಲ. ಮುಂದಿನ ವಾರ ಒಬ್ಬ ಡ್ರೈವರನ್ನು ಕರೆತಂದರು. ನಾನು ಮೊದಲಿನಂತೆ ಬಸ್ಸು ಹಿಡಿದು ಹುನಗುಂದಕ್ಕೆ ಹೋಗತೊಡಗಿದೆ. "ಅಕ್ಕೋರ, ಗಾಡಿ ಎಲ್ಲೈತ್ರಿ?" ಎಂದು ಕಂಡಕ್ಟರು ಕೇಳಿದರೆ, "ಮನ್ಯಾಗ ಐತ್ರಿ" ಎನ್ನುತ್ತಿದ್ದೆ.

ಹೊಸ ಗಾಡಿಯಲ್ಲಿ ಚೊಳಚಗುಡ್ಡಕ್ಕೆ ಒಮ್ಮೆ ಹೋದೆವು. ಡ್ರೈವರು, ಅವನ ಪಕ್ಕ ನನ್ನ ಗಂಡ, ನಡುವಿನ ಸೀಟಿನಲ್ಲಿ ನಾನೂ ಅತ್ತೆಯೂ. ಗುಳೇದಗುಡ್ಡದ ಏರನ್ನು ಗಾಡಿ ಏರೆಂದೇ ಲೆಕ್ಕಕ್ಕೆ ತಗೊಳ್ಳಲಿಲ್ಲ. ನನ್ನ ಗಂಡ ಹಿಂದಕ್ಕೆ ತಿರುಗಿ, "ನೋಡವ್ವಾ, ಹೆಂಗ ಹತ್ತಿತು!" ಎಂದರು. ಅತ್ತೆ ತಲೆಯಾಡಿಸಿದರು. ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಕಿಟಕಿಯ ಹೊರಗೆ ನೋಡಿದರು. ಊರು ಬಂದಾಗ ಮಾತ್ರ, "ಭಾಳ ಲಗೂ ಬಂದ್ವಿ" ಎಂದರು. ನನ್ನ ಗಂಡ ಅದನ್ನು ಹೊಗಳಿಕೆ ಎಂದುಕೊಂಡು ಖುಷಿಪಟ್ಟರು.

ಆಮೇಲೆ ಅತ್ತೆ ಹೊರಡುವುದನ್ನೇ ಬಿಟ್ಟರು. ಮೊಣಕಾಲು ನೋವು, ಬಿಸಿಲು, ಮಳೆ ಎಂದು ಪ್ರತಿ ಸಲ ಒಂದು ನೆಪ. ಒಂದು ದಿನ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ನನಗಷ್ಟೇ ಕೇಳುವಂತೆ ಹೇಳಿದರು.

"ನಾವಿಬ್ಬರ ಒಮ್ಮೆ ಮಹಾಕೂಟಕ್ಕ ಹೋಗಿ ಬರೂಣೇನ?"

"ಹೋಗೂಣ್ರಿ. ಪರೀಕ್ಷೆ ಮುಗೀಲಿ, ಯಾವುದಾರ ಸಣ್ಣ ಗಾಡಿ ಬಾಡಿಗಿ ಹೇಳ್ತೇನಿ."

"ಬಾಡಿಗಿ ಗಾಡಿಯಾಗ ಅವ ಡ್ರೈವರ್ ಇರತಾನಲ್ಲ," ಎಂದು ಸೊಪ್ಪಿನ ಕಡೆ ತಿರುಗಿದರು. ಮತ್ತೆ ಕೇಳಲಿಲ್ಲ.

ಪರೀಕ್ಷೆಗಳು ಮುಗಿಯುವ ಮುನ್ನವೇ ಒಂದು ಮಧ್ಯಾಹ್ನ ಅತ್ತೆ ಎದೆ ಹಿಡಿದುಕೊಂಡು ಕುಸಿದರು. ನನ್ನ ಗಂಡ ಅವರನ್ನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿಸಿ, ಡ್ರೈವರಿಗೂ ಕಾಯದೆ ತಾವೇ ಬಾಗಲಕೋಟೆಗೆ ಓಡಿಸಿದರು. ಆ ದಿನ ಆ ಎಂಜಿನ್ ಓಡಿದ ಹಾಗೆ ನಾನು ಯಾವ ಗಾಡಿ ಓಡಿದ್ದನ್ನೂ ನೋಡಿಲ್ಲ. ಲಾರಿಗಳು, ಬಸ್ಸುಗಳು ಒಂದೊಂದಾಗಿ ಹಿಂದೆ ಸರಿದವು. ದವಾಖಾನೆಯ ಡಾಕ್ಟರು, "ಇನ್ನೂ ತಡಾ ಆಗಿದ್ರ ಕಷ್ಟ ಇತ್ರಿ" ಎಂದರು. ನನ್ನ ಗಂಡ ಗೋಡೆಗೆ ಒರಗಿ, ಕಣ್ಣೊರೆಸಿಕೊಂಡು, "ನೋಡಿದೀ? ಅದಕ್ಕ ಹೇಳಿದ್ನಿ ನಾ" ಎಂದರು.

"ಖರೇರಿ," ಎಂದೆ. ಅದು ಖರೆಯೇ ಆಗಿತ್ತು. ದೊಡ್ಡ ಎಂಜಿನ್ ನಮ್ಮ ಅತ್ತೆಗೆ ಮುಂದಿನ ಮಳೆಗಾಲದವರೆಗೆ ಆಯುಷ್ಯ ಕೊಟ್ಟಿತು. ಆ ತಿಂಗಳುಗಳನ್ನು ಅವರು ಮಂಚದ ಮೇಲೆ ಕಳೆದರು. ಸೇವೆ ಮಾಡಿದೆ, ಪಕ್ಕದಲ್ಲಿ ಕೂತೆ. ಆದರೆ ಮಂಚದ ಮೇಲೆ ಅತ್ತೆ ಮತ್ತೆ ಮನೆಯ ಅತ್ತೆಯೇ. ಉಪ್ಪು, ನೀರು, ಹಾಲು. ಮಳೆ ಹಿಡಿದ ಒಂದು ದಿನ ಹೋದರು.

ಈಗ ಆ ರಸ್ತೆಗಳೆಲ್ಲ ಅಗಲವಾಗಿವೆ. ದೊಡ್ಡ ಮಗಳ ಮದುವೆಯಾಯಿತು, ಸಣ್ಣವಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಹೋದ ವರ್ಷ ನಾನು ನಿವೃತ್ತಳಾದೆ. ಅದಾದ ಕೆಲವು ದಿನಕ್ಕೆ ನನ್ನ ಗಂಡ ಬಾಗಲಕೋಟೆಯಲ್ಲಿ ಒಂದು ಶೋರೂಮಿನ ಮುಂದೆ ಗಾಡಿ ನಿಲ್ಲಿಸಿದರು. ಅವರಿಗೂ ಈಗ ಮೊಣಕಾಲು ನೋವು. ಎತ್ತರದ ಗಾಡಿ ಹತ್ತುವಾಗ ಬಾಗಿಲು ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. ಅಂಗಳದಲ್ಲಿ ಓಡಿಸಿ ನೋಡಲೆಂದು ಸಾವಿರ ಸಿಸಿಯ ಸಣ್ಣ ಗಾಡಿಯೊಂದನ್ನು ನಿಲ್ಲಿಸಿದ್ದರು. ಮಾರುವ ಹುಡುಗಿ ಏನೇನೋ ಹೇಳುತ್ತಿದ್ದಳು. ನನ್ನ ಗಂಡ ಅವಳ ಮಾತು ಕೇಳಿಸಿಕೊಳ್ಳದೆ ಚಾಲಕನ ಬಾಗಿಲು ತೆರೆದು ನನಗೆ ಹೇಳಿದರು.

"ಕುಂದ್ರು. ನಿನಗ ಸರಿ ಬರತೈತೇನ ನೋಡು."

ಕೂತೆ. ಎಂಜಿನ್ ಮೂರು ಸಲ ಬಂದ್ ಬಿತ್ತು. ಕಾಲಿಗೆ ಕ್ಲಚ್ಚಿನ ನೆನಪೇ ಇರಲಿಲ್ಲ. ನಾಚಿಕೆಯಾಗಿ ಇಳಿಯಲು ಹೋದರೆ ಅವರು ಪಕ್ಕದಲ್ಲಿ ಬಂದು ಕೂತು, ಆ ಹಿಂದಿನ ಮೈದಾನದ ದನಿಯಲ್ಲೇ, "ಸಾವಕಾಶ ಬಿಡು" ಎಂದರು.

ಗಾಡಿ ತಂದೆವು. ಊರೊಳಗೆ ಓಡಿಸುತ್ತ ಕೈ ಕೂಡಿಸಿಕೊಂಡೆ. ಧೈರ್ಯ ಬಂದ ಮೇಲೆ ಒಂದು ಮುಂಜಾನೆ ಬನಶಂಕರಿಗೆ ಹೊರಟೆವು. ನಾನು ಓಡಿಸುತ್ತಿದ್ದೆ, ನನ್ನ ಗಂಡ ಪಕ್ಕದಲ್ಲಿದ್ದರು. ಅಮೀನಗಡದವರೆಗೆ ಅವರು ಫೋನಿನಲ್ಲಿ ಕಾರ್ಖಾನೆಯ ಮಾತಾಡಿದರು. ಆಮೇಲೆ ಫೋನು ಜೇಬಿಗಿಟ್ಟರು. ಗುಳೇದಗುಡ್ಡ ಹತ್ತಿರವಾದಾಗ ಕೇಳಿದರು.

"ನೀವಿಬ್ಬರ ಹೋಗತಿದ್ರಲ್ಲ, ಅವ್ವ ದಾರಿಯಾಗ ಏನ್ ಮಾತಾಡ್ತಿದ್ಲು?"

ನನಗೆ ರಸ್ತೆಯ ಮೇಲಿನ ಕಣ್ಣು ತೆಗೆಯಲಾಗಲಿಲ್ಲ. ಬಾವಿಯಲ್ಲಿ ಈಜಿದ್ದನ್ನು ಹೇಳಿದೆ.

"ಅವ್ವಗ ಈಜ್ ಬರತಿತ್ತು?"

"ಬರತಿತ್ತಂತ್ರಿ."

ಪಾಟಿಯ ವಿಷಯ ಹೇಳಿದೆ. ಎಲೆ ತೋಟದ್ದು ಹೇಳಿದೆ. ರೊಟ್ಟಿ ಮಾರಿದ್ದನ್ನು ಹೇಳುವುದೋ ಬಿಡುವುದೋ ಎಂದು ತಡೆದೆ. ಕಡೆಗೆ ಅದನ್ನೂ ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ನಾನೂ ಜಾತ್ರಿಗಂತ ಹಳೇ ಗಾಡಿಯಾಗ ಅವ್ವನ್ನ ಅಷ್ಟು ಸಲ ಬನಶಂಕರಿಗೆ ಕರಕೊಂಡು ಬಂದೇನಿ," ಎಂದರು. "ಒಮ್ಮೆನೂ ಹೇಳಲಿಲ್ಲ. ನಾ ಬರೇ ಗಾಡಿ ಓಡಿಸಿದ್ನಿ, ಅಲ್ಲ?"

ಏರು ಬಂತು, ಗೇರು ಬದಲಿಸಿದೆ. ಅವರೇ ಮತ್ತೆ ಕೇಳಿದರು. "ಇನ್ನ ಏನ್ ಹೇಳಿದ್ಲು?"

ನೆನಪು ಮಾಡಿಕೊಂಡೆ. ಒಬ್ಬ ಗೆಳತಿಯ ವಿಷಯ ಇತ್ತು, ಆಕೆಯ ಊರು ಮರೆತಿದೆ. ಅತ್ತೆಯ ತಂದೆ ಒಂದು ಸಲ ಊರು ಬಿಟ್ಟು ಹೋಗಿ ತಿರುಗಿ ಬಂದದ್ದಿತ್ತು. ಯಾಕೆ ಹೋದರು, ಹೇಗೆ ಬಂದರು ಎಂಬುದು ಹೋಗಿಬಿಟ್ಟಿದೆ. ಒಂದು ಹಾಡಿನ ನಾಲ್ಕು ಸಾಲು ಹೇಳುತ್ತಿದ್ದರು, ಧಾಟಿ ಮಾತ್ರ ಉಳಿದಿದೆ. ಅಷ್ಟು ವರ್ಷ, ಅಷ್ಟು ದಾರಿ ಅವರು ಮಾತಾಡಿದ್ದರು. ನಾನು ಗೇರು ಬದಲಿಸುತ್ತ, ಹೂಂಗುಡುತ್ತ, ಮುಂದಿನ ಸಲ ಉಳಿದದ್ದು ಕೇಳಿದರಾಯಿತು ಎಂದುಕೊಂಡು ಓಡಿಸಿದ್ದೆ.

"ಇಷ್ಟ ನೆನಪೈತ್ರಿ," ಎಂದೆ.

ಅವರು ಇನ್ನೂ ಏನಾದರೂ ಬಂದೀತೆಂದು ಸ್ವಲ್ಪ ಹೊತ್ತು ನನ್ನ ಕಡೆಗೇ ತಿರುಗಿ ಕೂತಿದ್ದರು.